72ನೇ ಮನೆಯ ವಾರಸುದಾರ

1922ರ ಡಿಸೆಂಬರ್ 11. ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಉಪನ್ಯಾಸಕ್ಕೆ ನಿಂತ ನೀಲ್ಸ್ ಬೋರ್ ಬಳಿ ಕೋಪನ್‌ಹೇಗನ್‌ನಿಂದ ಫೋನಿನಲ್ಲಿ ಬಂದ ಬಿಸಿ ಸುದ್ದಿಯೊಂದಿತ್ತು. ಆವರ್ತ ಕೋಷ್ಟಕದಲ್ಲಿ ಖಾಲಿ ಬಿದ್ದಿದ್ದ 72ನೇ ಮನೆಗೆ ವಾರಸುದಾರ ಸಿಕ್ಕಿದ್ದ. ಉಪನ್ಯಾಸದ ಕೊನೆಯಲ್ಲಿ ಅದನ್ನು ಅವರು ಸಭೆಗೆ ತಿಳಿಸಿದರು.

ಇದರ ಬೇರು ಇರುವುದು 1913ರಲ್ಲಿ. ಪರಮಾಣುವಿನ ನಡುವೆ ಪುಟ್ಟದೊಂದು ಬೀಜಕೇಂದ್ರವಿದೆ ಎಂದು ರುದರ್‌ಫರ್ಡ್ ಆಗಲೇ ತೋರಿಸಿದ್ದರು. ಆದರೆ ಹಳೆಯ ಭೌತವಿಜ್ಞಾನದ ಲೆಕ್ಕದಂತೆ, ಅದನ್ನು ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಕ್ಷಣಾರ್ಧದಲ್ಲಿ ಒಳಕ್ಕೆ ಬೀಳಬೇಕಿತ್ತು. ಇಲ್ಲ, ಎಲೆಕ್ಟ್ರಾನಿಗೆ ನಿಗದಿಯಾದ ಕೆಲವು ಶಕ್ತಿಮಟ್ಟಗಳಲ್ಲಷ್ಟೇ ನೆಲೆ ಎಂದರು ಬೋರ್. ಹೈಡ್ರೋಜನ್‌ನ ಎರಡನೇ ಮಟ್ಟ ಮೈನಸ್ 3.4 ಎಲೆಕ್ಟ್ರಾನ್ ವೋಲ್ಟ್, ಮೂರನೆಯದು ಮೈನಸ್ 1.51. ಮೂರರಿಂದ ಎರಡಕ್ಕೆ ಇಳಿದಾಗ ಆ ವ್ಯತ್ಯಾಸವೇ 656 ನ್ಯಾನೋಮೀಟರಿನ ಕೆಂಪು ಬೆಳಕಾಗಿ ಹೊರಬರುತ್ತದೆ. ರೋಹಿತದಲ್ಲಿ ದಶಕಗಳಿಂದ ಕಾಣುತ್ತಿದ್ದ ಆ ಗೆರೆ ಅಲ್ಲೇ ಏಕಿದೆ ಎಂಬುದು ಕೊನೆಗೂ ತಿಳಿಯಿತು.

ಒಂದೇ ಎಲೆಕ್ಟ್ರಾನಿದ್ದರೆ ಸರಿ. 72 ಇದ್ದರೆ?

ಎಲ್ಲವೂ ಕೆಳಗಿನ ಮಟ್ಟದಲ್ಲೇ ಯಾಕೆ ಕಿಕ್ಕಿರಿಯುವುದಿಲ್ಲ ಎಂಬುದಕ್ಕೆ ಬೋರ್ ಬಳಿ ಗಟ್ಟಿ ಕಾರಣವಿರಲಿಲ್ಲ. ರಸಾಯನಶಾಸ್ತ್ರದ ಕೈಹಿಡಿದೇ ಅವರು ಈ ಮಟ್ಟಗಳನ್ನು, ಅಂದರೆ ಕವಚಗಳನ್ನು, ತುಂಬುತ್ತ ಹೋದರು. ಹೊಸ ಎಲೆಕ್ಟ್ರಾನ್ ಯಾವಾಗಲೂ ಹೊರಗಡೆಯೇ ಸೇರಬೇಕೆಂದಿಲ್ಲ ಎಂದು ಅವರು ಕಂಡುಕೊಂಡದ್ದೇ ಈ ಕಥೆಯ ಜೀವಾಳ. ‘ರೇರ್ ಅರ್ತ್’ ಲೋಹಗಳಲ್ಲಿ ಅದು ಒಳಗಿನ ನಾಲ್ಕನೇ ಕವಚಕ್ಕೆ ಹೋಗುತ್ತದೆ. ಹೊರಮೈ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅವನ್ನು ಒಂದರಿಂದೊಂದು ಬಿಡಿಸಲು ರಸಾಯನಜ್ಞರು ಹೆಣಗಾಡಿದ್ದು ಇದಕ್ಕೇ. 71ನೇ ಧಾತು ಲುಟೇಶಿಯಂನಲ್ಲಿ ಆ ಕವಚ 32 ಎಲೆಕ್ಟ್ರಾನುಗಳಿಂದ ಭರ್ತಿ. ಹಾಗಾದರೆ ಮುಂದಿನ ಎಲೆಕ್ಟ್ರಾನ್ ಮತ್ತೆ ಹೊರಗಡೆ ಸೇರಬೇಕು; 72ನೆಯದು ರೇರ್ ಅರ್ತ್ ಅಲ್ಲ, ಜಿರ್ಕೋನಿಯಂನ ಒಡಹುಟ್ಟು.

ಪ್ಯಾರಿಸ್‌ನ ಜಾರ್ಜ್ ಉರ್ಬೇನ್ 1911ರಲ್ಲೇ ಅದನ್ನು ರೇರ್ ಅರ್ತ್‌ಗಳ ನಡುವೆ ಕಂಡೆನೆಂದು ‘ಸೆಲ್ಟಿಯಂ’ ಎಂದು ಹೆಸರಿಟ್ಟಿದ್ದರು. ಬೋರ್ ಸಂಸ್ಥೆಯ ಡಿರ್ಕ್ ಕೋಸ್ಟರ್, ಜಾರ್ಜ್ ಹೆವೆಶಿ ಹುಡುಕಿದ್ದು ಜಿರ್ಕೋನಿಯಂ ಅದಿರಿನಲ್ಲಿ. ಎಕ್ಸ್‌ರೇ ರೋಹಿತದಲ್ಲಿ 72ರ ಗೆರೆಗಳು ಇರಬೇಕಾದ ಜಾಗದಲ್ಲೇ ಇದ್ದವು! ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಿನಿಂದ ಅದು ‘ಹಾಫ್ನಿಯಂ’ ಆಯಿತು. ಬೋರ್ ಬಳಿ ಇರದಿದ್ದ ಗಟ್ಟಿ ಕಾರಣ, ಅಂದರೆ ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್ ಎಂಬ ಪೌಲಿ ನಿಯಮ, ಬಂದದ್ದು 1925ರಲ್ಲಿ. ಬೋರ್ ಎಳೆದ ಕಕ್ಷೆಗಳೂ ಆಮೇಲೆ ಹಳತಾದವು, ಮಟ್ಟಗಳು ಉಳಿದವು.

ಜಿರ್ಕೋನಿಯಂ, ಹಾಫ್ನಿಯಂ ಎಂಬ ಆ ಒಡಹುಟ್ಟುಗಳನ್ನು ಬೇರ್ಪಡಿಸುವ ಕೆಲಸ ಇಂದಿಗೂ ನಡೆದಿದೆ. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಬಿಲ್ಲೆಗಳನ್ನು ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ಜಿರ್ಕೋನಿಯಂ ನ್ಯೂಟ್ರಾನ್‌ಗಳನ್ನು ಹಾಯಲು ಬಿಡುತ್ತದೆ, ಹಾಫ್ನಿಯಂ ನುಂಗಿಬಿಡುತ್ತದೆ. ಹಾಗಾಗಿ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಮೊದಲು ಹಾಫ್ನಿಯಂ ತೆಗೆದು, ಆಮೇಲಷ್ಟೇ ಜಿರ್ಕೋನಿಯಂ ಲೋಹ ತಯಾರಿಸುತ್ತಾರೆ.