ಜೋಡಿಯಾಗಿ ಕ್ರೂಸ್ ಟೂರ್: ಅಡ್ವಾನ್ಸ್ ಕಟ್ಟೋ ಮುಂಚೆ ಇಷ್ಟು ನೋಡ್ಕೊಳ್ಳಿ

ಗೌರಿಬಿದನೂರು: ಕುಡುಮಲಕುಂಟೆ ಫ್ಯಾಕ್ಟರಿಗಳಲ್ಲಿ ದುಡಿಯುವವರಿಗಾಗಲಿ, ಪೇಟೆ ಅಂಗಡಿಯವರಿಗಾಗಲಿ ಗಂಡ ಹೆಂಡತಿ ಹಡಗಿನಲ್ಲಿ ಪ್ರವಾಸ ಹೋಗೋದು ಅಂದ್ರೆ ತಿಂಗಳುಗಟ್ಟಲೆ ಉಳಿಸಿದ ದುಡ್ಡಿನ ಮಾತು.

ರೇಟು: ಜಾಹೀರಾತಿನ ದರ ಸಾಮಾನ್ಯವಾಗಿ ಒಬ್ಬರದ್ದು. 25 ಸಾವಿರ ಅಂತಿದ್ದರೆ ಜೋಡಿಗೆ 50 ಸಾವಿರ. ಮೇಲೆ ಜಿಎಸ್‌ಟಿ, ಬಂದರು ಶುಲ್ಕ ಬೇರೆ. ಊಟ ಸೇರಿರುತ್ತೆ; ಮದ್ಯ, ದಡದ ಸುತ್ತಾಟಕ್ಕೆ ಪ್ರತ್ಯೇಕ ಬಿಲ್. ಒಟ್ಟು ಮೊತ್ತ, ಕ್ಯಾನ್ಸಲ್ ನಿಯಮ ಬರಹದಲ್ಲೇ ಕೇಳಿ.

ಮಾರ್ಗ: ಕಾರ್ಡೆಲಿಯಾ ಕಂಪನಿಯ ಹಡಗು ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುತ್ತದೆ. 2023ರ ಜೂನ್‌ನಲ್ಲಿ ಚೆನ್ನೈ–ಶ್ರೀಲಂಕಾ ಯಾನವನ್ನೂ ಶುರು ಮಾಡಿತು. ಸೀಸನ್‌ಗೆ ತಕ್ಕಂತೆ ಬಂದರು ಬದಲಾಗುತ್ತೆ, ವೇಳಾಪಟ್ಟಿ ನೋಡಿ. ಶ್ರೀಲಂಕಾಗೆ ಪಾಸ್‌ಪೋರ್ಟ್ ಬೇಕೇ ಬೇಕು. ಮುಂಬೈಗೆ ಹಿಂದೂಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಸಿಗುತ್ತೆ. ರೈಲು ತಡವಾದರೂ ಹಡಗು ಕಾಯೋದಿಲ್ಲ, ಒಂದು ದಿನ ಮೊದಲೇ ತಲುಪಿ.

ಕೋಣೆ: ಕಿಟಕಿ ಇಲ್ಲದ ಒಳಕೋಣೆ ಅಗ್ಗ, ಬಾಲ್ಕನಿ ದುಬಾರಿ. ವಾಂತಿ ಬರೋರಿಗೆ ಕೆಳ ಅಂತಸ್ತಿನ ನಡುಭಾಗ ವಾಸಿ, ಓಲಾಟ ಕಮ್ಮಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು.

ಗರ್ಭಿಣಿ ಇದ್ದರೆ ಮೊದಲೇ ತಿಳಿಸಿ. 24 ವಾರ ತುಂಬಿದವರನ್ನು ಬಹುತೇಕ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ.

ಏಜೆಂಟ್ ಕೈಗೆ ಪೂರ್ತಿ ದುಡ್ಡು ಕೊಡೋ ಮುಂಚೆ ಬುಕಿಂಗ್ ನಂಬರ್ ಪಡೆದು, ಕಂಪನಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.