ಎರಡೂ ಕಡೆ ಅಡಗಿದ ಕೋನ

ಮಂಗಳ ಗ್ರಹ ತನ್ನ ಕಕ್ಷೆಯಲ್ಲಿ ಯಾವಾಗ ಎಲ್ಲಿರುತ್ತದೆ? ಅದನ್ನು ತಿಳಿಯಲು ಕೆಪ್ಲರನ ಸಮೀಕರಣ ಬೇಕು: ಕೋನ = ಸರಾಸರಿ ಕೋನ + ಉತ್ಕೇಂದ್ರತೆ × ಸೈನ್ (ಕೋನ). ಹುಡುಕಬೇಕಾದ ಕೋನ ಎರಡೂ ಕಡೆ ಕುಳಿತಿದೆ! ಈ ಬೀಜಾತೀತ ಸಮೀಕರಣವನ್ನು ನೇರವಾಗಿ ಬಿಡಿಸಲಾಗದೆಂದು ಕೆಪ್ಲರ್ 1609ರಲ್ಲೇ ಒಪ್ಪಿದ್ದ.

ಸ್ಪ್ರೆಡ್‌ಶೀಟಿನಲ್ಲಿ ಇದು ಸುಲಭ. ಸರಾಸರಿ ಕೋನ 90 ಡಿಗ್ರಿ, ಅಂದರೆ 1.5708 ರೇಡಿಯನ್ ಎನ್ನಿ. ಮಂಗಳನ ಉತ್ಕೇಂದ್ರತೆ 0.0934. ಎ1 ಮನೆಯಲ್ಲಿ 1.5708 ಬರೆಯಿರಿ. ಎ2ರಲ್ಲಿ =1.5708+0.0934*ಸೈನ್(ಎ1) ಎಂಬ ಸೂತ್ರ ಹಾಕಿ ಕೆಳಕ್ಕೆ ಎಳೆಯಿರಿ. 1.6642, 1.6638, 1.6638... ಅಂಕಿ ಕದಲದೆ ನಿಂತರೆ ಅದೇ ಉತ್ತರ.

ಉತ್ಕೇಂದ್ರತೆ ಚಿಕ್ಕದಾದ್ದರಿಂದ ಇಲ್ಲಿ ಪ್ರತಿ ಸಾಲಿಗೂ ತಪ್ಪು ಕುಗ್ಗುತ್ತದೆ. ಹ್ಯಾಲಿ ಧೂಮಕೇತುವಿನದು 0.967; ಅದು ಸೂರ್ಯನ ಸಮೀಪ ಬಂದಾಗ ಹತ್ತಾರು ಸಾಲು ಬೇಕು. ಉತ್ತರವನ್ನು ಮತ್ತೆ ಸಮೀಕರಣಕ್ಕಿಟ್ಟು ತಾಳೆ ನೋಡುವುದನ್ನು ಮಾತ್ರ ಮರೆಯಬಾರದು.