ಸ್ಪ್ರಿಂಗ್ ಬದಲಿಸುವ ಮುಂಚೆ ವಜನಕಾಟಾಕ್ಕೆ ಹೋಗಿ ಬಂದೆ

ಕಳೆದ ದೀಪಾವಳಿ ರಜೆಗೆ ಹುಬ್ಬಳ್ಳಿಯಿಂದ ಅಪ್ಪ, ಅವ್ವ ಪುಣೆಗೆ ಬಂದಿದ್ದರು. ಎಲ್ಲರನ್ನೂ ನನ್ನ ಪಿಕಪ್‌ನಲ್ಲಿ ಕೂರಿಸಿಕೊಂಡು ಭೋರ್ ಹತ್ತಿರದ ಭಾಟಘರ್ ಹಿನ್ನೀರಿನ ದಡಕ್ಕೆ ಕ್ಯಾಂಪಿಂಗ್‌ಗೆ ಹೊರಟೆ. ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾದ ಮೇಲೆ, ಮಳೆನೀರು ಕೊರೆದಿದ್ದ ಒಂದು ತೆಗ್ಗಿನಲ್ಲಿ ಗಾಡಿ ಧಡ್ ಎಂದು ಕುಕ್ಕರಿಸಿತು. ಹಿಂದಿನ ಸೀಟಿನಲ್ಲಿದ್ದ ಅಪ್ಪ ಸೊಂಟ ಹಿಡಿದುಕೊಂಡರು. ಆಮೇಲೆ ಹನ್ನೆರಡು ದಿನ ನಮ್ಮ ಫ್ಲ್ಯಾಟಿನಲ್ಲೇ ಹಾಸಿಗೆ ಹಿಡಿದರು.

“ಇನ್ನ ಆ ಗಾಡಿ ಹತ್ತೂದು ಬ್ಯಾಡ” ಎಂದು ಅವ್ವ ತೀರ್ಪು ಕೊಟ್ಟಳು.

ನಾನು ಎಲ್ಲ ಐಟಿಯವರೂ ಮಾಡುವುದನ್ನೇ ಮಾಡಿದೆ, ಎಕ್ಸೆಲ್ ಶೀಟ್ ತೆರೆದೆ. ಸಸ್ಪೆನ್ಷನ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಆಗಲೇ ನಿರ್ಧರಿಸಿಯಾಗಿತ್ತು. ಯಾವುದು ಎನ್ನುವುದಷ್ಟೇ ಬಾಕಿ. ಗ್ಯಾರೇಜ್ ಒಂದರಲ್ಲಿ ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್‌ಗೆ ಕೂಲಿ ಸೇರಿ 1.6 ಲಕ್ಷ ಹೇಳಿದರು. ಮುಂದೆ ಹೊಸ ಕಾಯಿಲ್ ಸ್ಪ್ರಿಂಗ್, ಹಿಂದೆ ಹೊಸ ಲೀಫ್ ಸೆಟ್, ನಾಲ್ಕೂ ಶಾಕ್ ಅಬ್ಸಾರ್ಬರ್. ಮುಂಗಡ ಕೊಡುವ ಹಿಂದಿನ ದಿನ ಹೆಂಡತಿ ಕೇಳಿದಳು: “ನಮ್ಮ ಗಾಡಿ ಅವತ್ತು ಎಷ್ಟು ಭಾರ ಹೊತ್ತಿತ್ತು?”

ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಸಾಮಾನು ತುಂಬಿ ಹೆದ್ದಾರಿ ಪಕ್ಕದ ವಜನಕಾಟಾಕ್ಕೆ ಹೋದೆ. ಲಾರಿ ತೂಗುವ ಕಾಟಾಕ್ಕೆ ಇಲ್ಲಿನವರು ಹೇಳುವುದು ಹಾಗೆ. ಮೇಲಿನ ಟೆಂಟ್, ಅದರ ರ‍್ಯಾಕ್, 60 ಲೀಟರ್ ನೀರು ಅಂದರೆ 60 ಕೆಜಿ, ಫ್ರಿಜ್, ಬ್ಯಾಟರಿ, ಗ್ಯಾಸ್, ಎರಡನೇ ಸ್ಟೆಪ್ನಿ, ಕುರ್ಚಿ ಮೇಜು. ಅದಕ್ಕೆ ನಾವು ಐದು ಜನರ ತೂಕ ಕೂಡಿಸಿದಾಗ, ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದ ಮಿತಿಯನ್ನು 85 ಕೆಜಿ ಮೀರಿದ್ದೆ. ಬಹುಪಾಲು ಭಾರ ಹಿಂದಿನ ಆಕ್ಸಲ್ ಮೇಲೆ.

ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹಿಂಭಾಗ ಜೋತು ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಅದರಿಂದ ಮಿತಿ ಏರುವುದಿಲ್ಲ. ಬ್ರೇಕು, ಆಕ್ಸಲ್, ಚಾಸಿಸ್ ಎಲ್ಲ ಹಳೆಯವೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆ ಏನಿರಬಹುದು ಎಂದು ಯೋಚಿಸಿದೆ.

ಇನ್ನೊಂದು ವಿಷಯ ಆವರೆಗೆ ನನಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಸಿಗುವ ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೂ, ಹಿಂದೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಇಡೀ ಆಕ್ಸಲ್. ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆ, ಆದರೆ ಹಿಂದಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಇದ್ದಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಅದು ಮೇಲೇಳಬೇಕಾದರೆ ದೊಡ್ಡ ಟೈರ್ ಬೇಕು. ಇತ್ತ ತಲೆಯ ಮೇಲೆ ಟೆಂಟ್ ಹೊತ್ತ ಗಾಡಿ ಇನ್ನೂ ಎರಡು ಇಂಚು ಎತ್ತರವಾದರೆ ಘಾಟಿನ ತಿರುವಿನಲ್ಲಿ ವಾಲುವುದೂ ಹೆಚ್ಚು.

ಆ ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಪ್ಪ ಸಾರಿಗೆ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಲೀಫ್ ಅಂದರೆ ಅವರಿಗೆ ತಿಳಿಯುವುದಿಲ್ಲ, ‘ಬ್ಲೇಡ್’ ಅನ್ನಬೇಕು. ಎಲ್ಲ ಕೇಳಿಸಿಕೊಂಡು ಹೇಳಿದರು: “ಖಾಲಿ ಗಾಡಿ ಕುಣಿತೈತಿ. ಹದಾ ಹಿಡಿದು ತುಂಬಿದ ಗಾಡಿ ನಡಿತೈತಿ. ಮೀರಿ ತುಂಬಿದ್ರ ಕುಂದರತೈತಿ. ನಿಂದು ಕುಂತಿತ್ತು.”

ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. “ಮತ್ತ, ನೀ ಬ್ರೇಕ್ ಹಿಡಕೊಂಡ ತೆಗ್ಗಿಗೆ ಇಳಿಸಿದಿ. ತೆಗ್ಗಿಗಿಂತ ಮುಂಚೆ ಹಿಡಿಬೇಕು, ಒಳಗ ಬಿಡಬೇಕು. ಆವತ್ತ ಹೇಳೋಣಂದ್ರ ನಿನ್ನ ಮಗಳು ಮುಂದ ಕುಂತಿದ್ಲು.”

ಬ್ರೇಕ್ ಒತ್ತಿದಾಗ ಮೂಗು ಬಾಗಿ ಮುಂದಿನ ಸ್ಪ್ರಿಂಗ್ ಮೊದಲೇ ಕುಗ್ಗಿರುತ್ತದೆ. ಹಿಂದಿನದನ್ನು ಭಾರವೇ ಕುಗ್ಗಿಸಿತ್ತು. ಹೊಡೆತ ನುಂಗಲು ಎಲ್ಲೂ ಜಾಗವೇ ಉಳಿದಿರಲಿಲ್ಲ. ಒಂದೂವರೆ ತಿಂಗಳು ನಾನು ಗಾಡಿಯ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧ ನನ್ನದೇ ಎಂದು ಅಪ್ಪನಿಗೆ ಅಂದೇ ಗೊತ್ತಿತ್ತು. ಹನ್ನೆರಡು ದಿನ ನೋವಿನಲ್ಲಿ ಮಲಗಿದ್ದಾಗಲೂ ಮೊಮ್ಮಗಳೆದುರು ಅದನ್ನು ಆಡಿರಲಿಲ್ಲ.

ಲಿಫ್ಟ್ ಕಿಟ್ ಬೇಡವೆಂದು ಹೇಳಿಬಿಟ್ಟೆ. ಆದರೆ ಏನೂ ಮಾಡದೆ ಇರಲಿಲ್ಲ. 90,000 ಕಿ.ಮೀ. ಓಡಿದ್ದ ಶಾಕ್ ಅಬ್ಸಾರ್ಬರ್‌ಗಳಲ್ಲಿ ಎರಡು ಎಣ್ಣೆ ಸೋರುತ್ತಿದ್ದವು. ನಾಲ್ಕನ್ನೂ ಅದೇ ಎತ್ತರದ ಹೊಸವಕ್ಕೆ ಬದಲಿಸಿದೆ, 26,000 ಆಯಿತು. ಮೇಲಿನ ಟೆಂಟ್, ರ‍್ಯಾಕ್ ಮಾರಿ ನೆಲದ ಟೆಂಟ್ ಕೊಂಡೆ, ಹೇಗೂ ಅಪ್ಪ ಏಣಿ ಹತ್ತುತ್ತಿರಲಿಲ್ಲ. ನೀರು 20 ಲೀಟರ್ ಸಾಕು, ಉಳಿದದ್ದು ಕೊನೆಯ ಹಳ್ಳಿಯಲ್ಲಿ. ಫ್ರಿಜ್, ಅದರ ಬ್ಯಾಟರಿ, ಎರಡನೇ ಸ್ಟೆಪ್ನಿ ಮನೆಯಲ್ಲೇ ಉಳಿದವು. ಮಣ್ಣಿನ ದಾರಿಗೆ ಇಳಿದ ಮೇಲೆ ಟೈರ್ ಗಾಳಿಯನ್ನು 22 ಪಿಎಸ್ಐಗೆ ಇಳಿಸಿ ನಿಧಾನ ಹೋಗುತ್ತೇನೆ. ಡಾಂಬರಿಗೆ ಬರುವ ಮುಂಚೆ ಮತ್ತೆ ತುಂಬಲು ಸಣ್ಣ ಕಂಪ್ರೆಸರ್ ಜೊತೆಗಿದೆ.

ಸಸ್ಪೆನ್ಷನ್ ಬದಲಾವಣೆ ಯಾರಿಗೂ ಬೇಡ ಎಂದು ಹೇಳುತ್ತಿಲ್ಲ. ವರ್ಷವಿಡೀ ಮಿತಿಯೊಳಗೇ ಭಾರ ಹೊತ್ತು ತಿರುಗುವವರಿಗೆ, ಹಳೆಯ ಬ್ಲೇಡ್‌ಗಳು ಸೋತು ಚಪ್ಪಟೆಯಾದವರಿಗೆ ಹೊಸ ಸೆಟ್ ಬೇಕೇಬೇಕು. ನನ್ನಂತೆ ತಿಂಗಳಿಗೊಮ್ಮೆ ಕ್ಯಾಂಪಿಂಗ್, ಉಳಿದ ದಿನ ಹಿಂಜೆವಾಡಿಯ ಟ್ರಾಫಿಕ್ ಅನ್ನುವವರು ಗಟ್ಟಿ ಬ್ಲೇಡ್ ಹಾಕಿಸಿದರೆ ಖಾಲಿ ಗಾಡಿ ಇನ್ನಷ್ಟು ಕುಣಿಯುತ್ತದೆ. ನೀವೂ ಯೋಚನೆಯಲ್ಲಿದ್ದರೆ, ಮೊದಲು ಸಾಮಾನು, ಜನ ಸಮೇತ ಗಾಡಿಯನ್ನು ಒಮ್ಮೆ ತೂಗಿಸಿ.

ಯುಗಾದಿಗೆ ಅಪ್ಪ ಮತ್ತೆ ಬಂದರು. ಅವ್ವ ಫ್ಲ್ಯಾಟಿನಲ್ಲೇ ಉಳಿದಳು, ಅವಳ ತೀರ್ಪು ಇನ್ನೂ ಜಾರಿಯಲ್ಲಿದೆ. ಈ ಸಲ ಅಪ್ಪ ಮುಂದಿನ ಸೀಟಿನಲ್ಲಿ. ಅದೇ ತೆಗ್ಗು ಬಂತು. ಮುಂಚೆಯೇ ಬ್ರೇಕ್ ಹಿಡಿದು, ಅಂಚಿನಲ್ಲಿ ಬಿಟ್ಟು, ಮೊದಲನೇ ಗೇರಿನಲ್ಲಿ ಇಳಿಸಿದೆ. ಹಿಂದೆ ಪಾತ್ರೆಗಳು ಒಮ್ಮೆ ಗಲಗಲ ಅಂದವು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಚಕ್ರ ದಾಟುವವರೆಗೂ ನೋಡಿ, “ಹೂಂ, ನಡಿ” ಎಂದರು.